ಜಾಗ ಮೊದಲಾ, ಕೃಷಿ ಮೊದಲಾ? ಕಾಸರಗೋಡಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಭಾಗ ಜಾಗದ್ದೇ. ಮಂಜೇಶ್ವರದಿಂದ ಹಿಡಿದು ಮುಳ್ಳೇರಿಯ ತನಕ ಎಲ್ಲರಿಗೂ ಒಂದು ಎಕ್ರೆ ಬೇಕಂತೆ, ಕೊಡುವವರು ಎಲ್ಲಿದ್ದಾರೋ ಗೊತ್ತಿಲ್ಲ. ಹಾಗಾಗಿ ಹಸು, ಜೇನು, ಮಲ್ಲಿಗೆಯ ಪ್ರಶ್ನೆ ಎಲ್ಲ ಮುಂದಿನ ಸಂಚಿಕೆಗೆ ಹಾಕಿ ಇದನ್ನೇ ತೆಗೊಂಡಿದ್ದೇನೆ. ಹೆಸರು ಹಾಕ್ಬೇಡಿ ಅಂತ ಕೆಲವರು ಹೇಳಿದ್ರು, ಅದಕ್ಕೆ ಯಾರದ್ದೂ ಹಾಕ್ಲಿಲ್ಲ, ಊರು ಮಾತ್ರ ಉಂಟು.

ಪ್ರಶ್ನೆ: ಅಣ್ಣಾ, ನಾನು ಬೆಂಗಳೂರಲ್ಲಿ ಕಂಪ್ಯೂಟರ್ ಸಪೋರ್ಟ್ ಕೆಲಸ ಮಾಡಿ ಈಗ ಊರಿಗೇ ಬಂದಿದ್ದೇನೆ. ಕೈಲಿ 14 ಲಕ್ಷ ಉಂಟು. ನಮಗೆ ಜಾಗ ಅಂತ ಇರುದು ಮನೆಯ 12 ಸೆಂಟ್ಸ್ (ಎಕ್ರೆಗೆ 100 ಸೆಂಟ್ಸ್) ಮಾತ್ರ. ಹತ್ರದಲ್ಲೇ ಒಂದು ಎಕ್ರೆ ಫಲ ಬರುವ ಅಡಿಕೆ ತೋಟ ಮಾರಾಟಕ್ಕುಂಟು, 32 ಲಕ್ಷ ಹೇಳ್ತಾರೆ. ಬಾಕಿ ದುಡ್ಡು ಬ್ಯಾಂಕಿಂದ ತೆಗೊಳ್ಳಿ, ತೋಟದ ಆದಾಯದಲ್ಲೇ ಕಂತು ಕಟ್ಟಿ ಮುಗೀತದೆ ಅಂತ ಬ್ರೋಕರ್ ಹೇಳ್ತಾರೆ. ತೆಗೊಳ್ಳಬಹುದಾ? (ಬದಿಯಡ್ಕ)

ಉತ್ತರ: ತಮ್ಮಾ, ಬ್ರೋಕರಿಗೆ ಕಮಿಷನ್ ಸಿಗುದು ನೀನು ತೆಗೊಂಡ್ರೆ ಮಾತ್ರ, ಅದು ಮೊದಲು ತಲೇಲಿ ಇರ್ಲಿ. ಲೆಕ್ಕ ನಾವೇ ಹಾಕುವ.

32 ಲಕ್ಷ ಅಂದ್ರೆ 32ಕ್ಕೆ ನಿಲ್ಲುದಿಲ್ಲ. ಕೇರಳದಲ್ಲಿ ಸ್ಟ್ಯಾಂಪ್ ಡ್ಯೂಟಿ 8 ಪರ್ಸೆಂಟ್, ರಿಜಿಸ್ಟ್ರೇಷನ್ ಫೀಸ್ 2 ಪರ್ಸೆಂಟ್, ಒಟ್ಟು 10. ಅಲ್ಲಿಗೆ 35 ಲಕ್ಷದ ಮೇಲೆ ಹೋಯ್ತು. ನಿನ್ನ 14 ಕಳೆದ್ರೆ 21 ಲಕ್ಷ ಸಾಲ. 10 ಪರ್ಸೆಂಟ್ ಬಡ್ಡಿ ಹಿಡಿದ್ರೂ ವರ್ಷಕ್ಕೆ ಬಡ್ಡಿ ಮಾತ್ರ 2 ಲಕ್ಷ 10 ಸಾವಿರ, ಅಸಲು ಬೇರೆ.

ಈಗ ಆದಾಯ. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟ ಆದ್ರೆ ಎಕ್ರೆಗೆ 550 ಮರ ಹಿಡೀತದೆ, ಹಳೇ ತೋಟದಲ್ಲಿ ಸತ್ತದ್ದು, ಬಿದ್ದದ್ದು, ಎಡೆಸಸಿ ಹಾಕಿದ್ದು ಎಲ್ಲ ಇರ್ತದೆ, ಆದ್ರೂ 550 ಅಂತಲೇ ಇಟ್ಟುಕೊಳ್ಳುವ. ಮರಕ್ಕೆ ಒಂದೂವರೆ ಕಿಲೋ ಚಾಲಿ (ಒಣಗಿಸಿ ಸುಲಿದ ಅಡಿಕೆ) ಹಿಡಿದ್ರೆ 825 ಕಿಲೋ. ಕಿಲೋಗೆ 400 ರೂಪಾಯಿ ಹಿಡಿದ್ರೆ 3 ಲಕ್ಷ 30 ಸಾವಿರ. ಇದ್ರಲ್ಲಿ ಮದ್ದು ಬಿಡುದು, ಗೊಬ್ಬರ, ಸೊಪ್ಪು, ಕೊಯ್ಲು, ಸುಲಿಯುದು, ನೀರಿನ ಕರೆಂಟು, ಎಲ್ಲದಕ್ಕೂ ಜನ ಹಾಕಿದ್ರೆ ಅರ್ಧ ಅಲ್ಲಿಗೇ ಹೋಯ್ತು. ಉಳಿಯುದು ಒಂದೂವರೆ ಲಕ್ಷದ ಆಸುಪಾಸು. ಬಡ್ಡಿಗೇ ಸಾಲದು ಮಾರಾಯ, ಊಟಕ್ಕೆ ಎಂತ ಮಾಡ್ತಿ? ಇದು ಒಳ್ಳೆ ವರ್ಷದ ಲೆಕ್ಕ. ಜುಲೈ ತಿಂಗಳಲ್ಲಿ ಮಳೆ ಬಿಡದೆ ಹೊಡೆದು ಕೊಳೆರೋಗ ಬಂದ್ರೆ, ಇಲ್ಲದಿದ್ರೆ ಎಲೆಚುಕ್ಕಿ ಶುರುವಾದ್ರೆ ಅದೂ ಇಲ್ಲ.

ಹಾಗಾಗಿ ನನ್ನ ಉತ್ತರ ಈಗ ಬೇಡ ಅಂತ. ಯಾವತ್ತೂ ಬೇಡ ಅಂತ ಅಲ್ಲ. ಅಡಿಕೆ ಮಾರಿದ ದುಡ್ಡಲ್ಲಿ ಜಾಗದ ಕ್ರಯ ಹುಟ್ಟುದಿಲ್ಲ, ಈಗಿನ ರೇಟಿಗೆ ಅಂತೂ ಇಲ್ಲ. ನಮ್ಮ ಕಡೆ ಜಾಗ ಮಾಡಿದವರನ್ನು ನೋಡು, ಅಂಗಡಿಯಿಂದ ಮಾಡಿದ್ದಾರೆ, ನರ್ಸರಿಯಿಂದ, ದುಬೈಯಿಂದ, ಅಡಿಕೆ ವ್ಯಾಪಾರದಿಂದ. ಅಂದ್ರೆ ಮೊದಲು ದುಡಿಯುವ ಒಂದು ಕಸುಬು ನಿಂತಿರ್ಬೇಕು, ಜಾಗ ಆಮೇಲೆ. ಇನ್ನೊಂದು ವಿಷಯ, ಕೃಷಿ ಜಾಗ ತೆಗೀಲಿಕ್ಕೆ ಬ್ಯಾಂಕ್ ಮನೆ ಸಾಲದ ಹಾಗೆ ಸಾಲ ಕೊಡುದಿಲ್ಲ. ಸಣ್ಣ ರೈತರಿಗೆ, ಜಾಗ ಇಲ್ಲದ ಕೃಷಿ ಕೆಲಸದವರಿಗೆ ಅಂತ ಕೆಲವು ಬ್ಯಾಂಕಲ್ಲಿ ಜಾಗ ಖರೀದಿಯ ಸ್ಕೀಮ್ ಇರುದು ಹೌದು, ಆದ್ರೆ ಅವರು ಕೇಳುವ ಮೊದಲ ಪ್ರಶ್ನೆಯೇ ಹಿಂದಿನ ಸಾಲ ಸರಿಯಾಗಿ ಕಟ್ಟಿದ ದಾಖಲೆ ಉಂಟಾ ಅಂತ. ನಿನ್ನತ್ರ ಅದಿಲ್ಲ. ಅದನ್ನು ಮಾಡ್ಲಿಕ್ಕೆ ಎರಡು ಮೂರು ವರ್ಷ ಬೇಕು.

ಹಾಗಾದ್ರೆ 14 ಲಕ್ಷ ಎಂತ ಮಾಡುದು? 10 ಲಕ್ಷ ಎಫ್‌ಡಿಯಲ್ಲಿ ಹಾಕಿ ಮರೆತುಬಿಡು. ಬಾಕಿಯಲ್ಲಿ ಜಾಗ ಬೇಡದ ಕಸುಬು ಹಿಡಿ. ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆ ಈಗ ಅತೀ ಕಷ್ಟ ಇರುದು ಎಂತದಕ್ಕೆ ಗೊತ್ತುಂಟಲ್ವಾ, ಮರ ಹತ್ತುವ ಜನಕ್ಕೆ. ಮದ್ದು ಬಿಡುವ ಟೈಮಲ್ಲಿ ತೋಟದವರು ಫೋನ್ ಮಾಡಿ ಮಾಡಿ ಸೋತುಹೋಗ್ತಾರೆ. ಮೂರು ಜನ ಹುಡುಗರು ಸೇರಿ ಎರಡು ಫೈಬರ್ ದೋಟಿ (ನೆಲದಿಂದಲೇ ಕೊಯ್ಯುವ, ಮದ್ದು ಬಿಡುವ ಉದ್ದದ ಕೋಲು), ಒಂದು ಸ್ಪ್ರೇಯರು, ಒಂದು ಹಳೇ ಪಿಕಪ್ ಇಟ್ಟುಕೊಂಡ್ರೆ ಮೇ ಕೊನೆಯಿಂದ ಆಗಸ್ಟ್ ತನಕ ಮದ್ದು, ನವೆಂಬರಿಂದ ಕೊಯ್ಲು, ನಡುವಲ್ಲಿ ತೆಂಗಿನಕಾಯಿ. ದೋಟಿ ಹಿಡಿಯುದನ್ನು ಮಾತ್ರ ತರಬೇತಿ ತೆಗೊಂಡೇ ಕಲಿ, ವಿಡಿಯೋ ನೋಡಿ ಅಲ್ಲ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರೀತದೆ, ತೋಟದ ಮೇಲೆ ಲೈನ್ ಹೋಗಿದ್ರೆ ಅದರ ಬುಡದ ಮರಗಳನ್ನು ದೋಟಿಯಲ್ಲಿ ಮುಟ್ಟುದೇ ಬೇಡ, ಎಷ್ಟು ದುಡ್ಡು ಕೊಟ್ರೂ.

ಮದ್ದು ಬಿಡುದು ಅಂದ್ರೆ ಬರೇ ಸ್ಪ್ರೇ ಹೊಡೆಯುದಲ್ಲ, ಬೋರ್ಡೋ ದ್ರಾವಣ (ಕೊಳೆರೋಗದ ಮದ್ದು) ಸರಿ ಮಾಡ್ಲಿಕ್ಕೆ ಗೊತ್ತಿರುವ ಟೀಮಿಗೆ ಎರಡನೇ ವರ್ಷ ಹುಡುಕಿಕೊಂಡು ಬರ್ತಾರೆ. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಲ್ಲೇ, ಆಮೇಲೆ ಸುಣ್ಣದ ನೀರು ಕಲಕ್ತಾ ಇರುವಾಗ ತುತ್ತಿನ ನೀರು ನಿಧಾನ ಅದಕ್ಕೆ ಹೊಯ್ಯುದು, ಸುಣ್ಣವನ್ನು ತುತ್ತಿಗೆ ಹೊಯ್ಯುದಲ್ಲ. ಆದ ಮೇಲೆ ಹೊಳೆಯುವ ಚೂರಿಯೋ ಬ್ಲೇಡೋ ಒಂದು ನಿಮಿಷ ಅದ್ದಿ ತೆಗಿ. ಕೆಂಪು ಹತ್ತಿದ್ರೆ ಸುಣ್ಣ ಸಾಲದು, ಸ್ವಲ್ಪ ಸುಣ್ಣದ ನೀರು ಸೇರಿಸಿ ಪುನಃ ನೋಡು. ಮಾಡಿದ್ದು ಅದೇ ದಿನ ಖಾಲಿ ಆಗ್ಬೇಕು. ಮೊದಲ ಮದ್ದು ಮಳೆ ಹಿಡಿಯುವ ಮೊದಲೇ, ಎರಡನೇದು 40-45 ದಿನ ಬಿಟ್ಟು. ತೋಟದವರ ಮುಂದೆಯೇ ಚೂರಿ ಅದ್ದಿ ತೋರಿಸು, ಜಾಹೀರಾತು ಬೇರೆ ಬೇಡ.

ಮನೆಯ 12 ಸೆಂಟ್ಸಲ್ಲಿ ನಾಲ್ಕು ಸೆಂಟ್ಸಿಗೆ ನೆರಳು ನೆಟ್ ಕಟ್ಟಿದ್ರೆ ಕರಿಮೆಣಸಿನ ಬೇರು ಬರಿಸಿದ ಬಳ್ಳಿ, ಪೊದೆ ಮೆಣಸು, ಅಡಿಕೆ ಸಸಿ ಮಾಡಬಹುದು. ಬೀಜದಡಿಕೆ ಕೂಡ್ಲಿನ ಸಿಪಿಸಿಆರ್‌ಐಯಲ್ಲಿ ಕೇಳು, ನಮ್ಮ ಜಿಲ್ಲೆಯಲ್ಲೇ 1916ರಿಂದ ಇರುವ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಅದು, ಹೊರಗಿನ ರಾಜ್ಯದವರು ಬಂದು ಸಸಿ ತೆಗೊಂಡು ಹೋಗ್ತಾರೆ, ನಾವು ಹೈವೇಯಲ್ಲಿ ಬೋರ್ಡ್ ನೋಡ್ಕೊಂಡು ಬಸ್ಸಲ್ಲಿ ಹೋಗುದು ಮಾತ್ರ. ಸಸಿಯ ದುಡ್ಡು ಬರ್ಲಿಕ್ಕೆ ವರ್ಷ ಒಂದೂವರೆ ವರ್ಷ ಬೇಕು, ಅದಕ್ಕೇ ದೋಟಿ ಕೆಲಸ ಜೊತೆಗಿರ್ಲಿ ಅಂತ ಹೇಳುದು.

ಮತ್ತೆ ಒಂದು ರೂಪಾಯಿ ಬಂದ್ರೂ ಬ್ಯಾಂಕ್ ಖಾತೆಗೇ ಬರ್ಲಿ, ಗೂಗಲ್ ಪೇ ಆದ್ರೂ ಸರಿ. ಮೂರು ವರ್ಷದ ಸ್ಟೇಟ್‌ಮೆಂಟ್ ಕೈಲಿದ್ರೆ ಮ್ಯಾನೇಜರ್ ಮುಂದೆ ಕೂತು ಮಾತಾಡುವ ರೀತಿಯೇ ಬೇರೆ ಆಗ್ತದೆ. ಆಗ ಒಂದು ಎಕ್ರೆ ಬೇಡ, 30-40 ಸೆಂಟ್ಸ್ ತೆಗಿ, ಸಾಲ ಇಲ್ಲದೆ.

ಪ್ರಶ್ನೆ: ನಾವು ಆರು ಜನ ಹೆಂಗಸರು ಒಟ್ಟಾಗಿ ಒಬ್ಬರ ಖಾಲಿ ಜಾಗ ಗೇಣಿಗೆ ತೆಗೊಂಡು ತರಕಾರಿ, ಬಾಳೆ ಮಾಡುವ ಅಂತ ಇದ್ದೇವೆ. ಸ್ಟ್ಯಾಂಪ್ ಪೇಪರಲ್ಲಿ 5 ವರ್ಷಕ್ಕೆ ಎಗ್ರಿಮೆಂಟ್ ಮಾಡಿಸಿದ್ರೆ ಸಾಕಾ, ರಿಜಿಸ್ಟರ್ ಮಾಡ್ಬೇಕಾ? ಜಾಗದವರು ಬಾಯಿಮಾತಲ್ಲಿ ಸಾಕು ಅಂತಾರೆ. (ಪೈವಳಿಕೆ)

ಉತ್ತರ: ಅಕ್ಕಾ, ಇಲ್ಲಿ ಒಂದು ದೊಡ್ಡ ತೊಡಕುಂಟು. ಕೇರಳ ಭೂಸುಧಾರಣಾ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಹೊಸದಾಗಿ ಗೇಣಿ ಹುಟ್ಟಿಸ್ಲಿಕ್ಕೇ ಇಲ್ಲ. 1970ರ ಜನವರಿ 1ಕ್ಕೆ ಗೇಣಿ ಒಕ್ಕಲುಗಳ ಜಾಗದ ಮೇಲೆ ಧನಿಗಳಿಗಿದ್ದ ಹಕ್ಕು ಸರಕಾರಕ್ಕೆ ಹೋಗಿ, ಲ್ಯಾಂಡ್ ಟ್ರಿಬ್ಯೂನಲ್ ಮೂಲಕ ಒಕ್ಕಲುಗಳಿಗೇ ಬಂತು, ನಿಮ್ಮ ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಆ ಸರ್ಟಿಫಿಕೇಟು ಇದ್ರೂ ಇರಬಹುದು. ಆ ಹೆದರಿಕೆ ಜಾಗದವರಿಗೆ ಇನ್ನೂ ಹೋಗ್ಲಿಲ್ಲ, ಅದಕ್ಕೇ ಅವರು ಬಾಯಿಮಾತು ಅನ್ನುದು. ನೀವು 5 ವರ್ಷದ ಗೇಣಿ ಚೀಟು ಬರೆಸಿದ್ರೂ ಅದನ್ನು ಹಿಡ್ಕೊಂಡು ಹಕ್ಕು ಕೇಳ್ಲಿಕ್ಕೆ ಆಗುದಿಲ್ಲ.

ಆದ್ರೆ ನಿಮ್ಮ ಕೆಲಸ ನಿಲ್ಲಬೇಕಾಗಿಲ್ಲ. ಕೇರಳ ಸರಕಾರದ ಹೆಂಗಸರ ಸಂಘ ಕುಟುಂಬಶ್ರೀಯಲ್ಲಿ ಸಂಘಕೃಷಿ ಗುಂಪು ಅಂತ ಉಂಟು, 4ರಿಂದ 10 ಜನ ಸೇರಿ ಜೆಎಲ್‌ಜಿ (ಸಾಲಕ್ಕೆ ಎಲ್ಲರೂ ಒಟ್ಟಿಗೆ ಹೊಣೆ ಆಗುವ ಗುಂಪು) ಮಾಡುದು. ಆರು ಜನ ಇದ್ದೀರಲ್ಲ, ಸರಿಯಾಯ್ತು. ಪಂಚಾಯತಿನ ಕುಟುಂಬಶ್ರೀ ಆಫೀಸಲ್ಲಿ (ಸಿಡಿಎಸ್) ಕೇಳಿ, ಅಲ್ಲಿ ಗುಂಪಿನ ಹೆಸರಲ್ಲಿ ಖಾತೆ, ಸಾಲ, ಕೃಷಿ ಭವನದ ಸಹಾಯ ಎಲ್ಲ ಒಂದು ದಾರಿಗೆ ಬರ್ತದೆ, ಜಾಗದವರಿಗೂ ಸ್ವಲ್ಪ ಧೈರ್ಯ ಬರ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಜಾಗ ಇದ್ದವರಿಗೆ ಮಾತ್ರ ಅಂತ ಕೆಲವು ಬ್ಯಾಂಕಲ್ಲಿ ಹೇಳಿ ಕಳಿಸ್ತಾರೆ, ಅದು ಸರಿಯಲ್ಲ. ಬಾಯಿಮಾತಿನ ಗೇಣಿಯವರಿಗೂ ಜೆಎಲ್‌ಜಿಯವರಿಗೂ ಕೊಡಬಹುದು ಅಂತ ಕೆಸಿಸಿಯ ನಿಯಮದಲ್ಲೇ ಉಂಟು. 2025ರ ಜನವರಿ 1ರಿಂದ 2 ಲಕ್ಷದ ತನಕದ ಕೃಷಿ ಸಾಲಕ್ಕೆ ಅಡವು ಕೇಳ್ಲಿಕ್ಕಿಲ್ಲ. ಬಡ್ಡಿ 7 ಪರ್ಸೆಂಟ್, ಹೇಳಿದ ದಿನಕ್ಕೆ ಕಟ್ಟಿದ್ರೆ 4ಕ್ಕೆ ಇಳೀತದೆ.

ಬೆಳೆ ಯಾವುದು ಅಂತ ನೋಡಿ ಹಾಕಿ. ಬೇರೆಯವರ ಜಾಗದಲ್ಲಿ ಅಡಿಕೆ, ತೆಂಗು, ಕರಿಮೆಣಸು ಬೇಡವೇ ಬೇಡ. ಅಲಸಂಡೆ, ಬೆಂಡೆ, ಮುಳ್ಳುಸೌತೆ, ಹರಿವೆ, ಹೆಚ್ಚಂದ್ರೆ ನೇಂದ್ರ ಬಾಳೆ. ಒಂದು ಬೆಳೆ ಮುಗಿದು ದುಡ್ಡು ಕೈಗೆ ಬಂದ ಮೇಲೆ ಜಾಗದವರು ಎದ್ದು ಹೋಗಿ ಅಂದ್ರೂ ನಿಮಗೆ ನಷ್ಟ ಆಗಬಾರದು, ಆ ಲೆಕ್ಕದಲ್ಲೇ ಖರ್ಚು ಮಾಡಿ. ಬೋರ್‌ವೆಲ್ ತೆಗೆಸ್ಲಿಕ್ಕೆ ನಿಮ್ಮ ದುಡ್ಡು ಹಾಕ್ಬೇಡಿ, ಇದನ್ನು ಎರಡು ಸಲ ಹೇಳ್ತೇನೆ, ಹಾಕ್ಬೇಡಿ.

ಪ್ರಶ್ನೆ: ಸರ್, ನಾನು ಶಾರ್ಜಾದಲ್ಲಿರುದು. ರಜೆಗೆ ಬಂದಾಗ ಎರಡು ಎಕ್ರೆ ತೋಟ ನೋಡಿ ಅಡ್ವಾನ್ಸ್ ಕೊಡುವ ಅಂತ ಇದ್ದೇನೆ, ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಟ್ಟು ರಿಜಿಸ್ಟರ್ ಮಾಡಿಸಬಹುದಾ? (ಉಪ್ಪಳದವರು)

ಉತ್ತರ: ಅಡ್ವಾನ್ಸ್ ಕೊಡ್ಬೇಡಿ ಸರ್. ಎನ್‌ಆರ್‌ಐ ಆಗಿರುವಾಗ ಮನೆ, ಫ್ಲ್ಯಾಟ್, ಅಂಗಡಿ ತೆಗಿಬಹುದು, ಕೃಷಿ ಜಾಗ, ಪ್ಲಾಂಟೇಷನ್, ಫಾರ್ಮ್ ಹೌಸ್ ತೆಗೀಲಿಕ್ಕಿಲ್ಲ, ಇದು ಫೆಮಾ, ಅಂದ್ರೆ ವಿದೇಶಿ ವಿನಿಮಯದ ಕಾನೂನು, ಕೇರಳದ್ದಲ್ಲ, ಇಡೀ ದೇಶದ್ದು. ಪವರ್ ಆಫ್ ಅಟಾರ್ನಿ ಕೊಟ್ಟ ಕೂಡ್ಲೇ ಅದು ಬದಲಾಗುದಿಲ್ಲ, ತೆಗೊಂಡವರು ನೀವೇ ಆಗ್ತೀರಿ. ದಾನ ಅಂತ ಬರೆಸಿಕೊಳ್ಳಲಿಕ್ಕೂ ಇಲ್ಲ. ಅಪ್ಪ ಅಮ್ಮನ ಜಾಗ ವಾರಸು ಪ್ರಕಾರ ನಿಮಗೆ ಬಂದ್ರೆ ಇಟ್ಟುಕೊಳ್ಳಬಹುದು, ಊರಲ್ಲಿದ್ದಾಗಲೇ ತೆಗೊಂಡದ್ದು ಇದ್ರೂ ತೊಂದರೆ ಇಲ್ಲ. ಗಲ್ಫ್ ಬಿಟ್ಟು ಇನ್ನು ಊರಲ್ಲೇ ಅಂತ ಬಂದು ನಿಂತ ಮೇಲೆ ನಿಮ್ಮ ಹೆಸರಲ್ಲೇ ಧಾರಾಳ ತೆಗಿಬಹುದು.

ತಮ್ಮನ ಹೆಸರಲ್ಲಿ ತೆಗೆದಿಟ್ರೆ ಎಂತ ಅಂತ ಮುಂದಿನ ಕಾಗದ ಬರ್ತದೆ ಅಂತ ಗೊತ್ತು. ತಮ್ಮನ ಹೆಸರಲ್ಲಿ ತೆಗೆದ್ರೆ ಅದು ತಮ್ಮನದ್ದು. ನಿಮ್ಮ ದುಡ್ಡು ಅಂತ ಆಮೇಲೆ ಹೇಳ್ಲಿಕ್ಕೆ ಹೋದ್ರೆ ಬೇನಾಮಿ ಕಾನೂನು ಬಂದು ನಿಲ್ತದೆ, ಅಣ್ಣ ತಮ್ಮ ಮಾತಾಡುದೂ ನಿಲ್ತದೆ.

ಪ್ರಶ್ನೆ: ಬಾಯಾರು ಹತ್ರ ಮೂರು ಎಕ್ರೆ ಜಾಗ ಕಡಿಮೆಗೆ ಉಂಟು ಅಂತ ತೋರಿಸಿದ್ರು. ಕಾಗದ ನೋಡಿದ್ರೆ ಆಧಾರದಲ್ಲಿ (ರಿಜಿಸ್ಟರ್ ಆದ ಜಾಗದ ಪತ್ರ) 1 ಎಕ್ರೆ 60 ಸೆಂಟ್ಸ್ ಮಾತ್ರ, ಬಾಕಿ ಕುಮ್ಕಿ, ಅದೂ ಅನುಭವದಲ್ಲಿ ಉಂಟು ಅಂತಾರೆ. ತೆಗೊಳ್ಳಬಹುದಾ, ಯಾವ್ಯಾವ ಕಾಗದ ನೋಡ್ಬೇಕು? ನನಗೆ ಮಲಯಾಳಂ ಓದ್ಲಿಕ್ಕೆ ಬರುದಿಲ್ಲ. (ಮೀಂಜ)

ಉತ್ತರ: ಕುಮ್ಕಿ ಸರಕಾರದ ಜಾಗ. ಹಳೇ ದಕ್ಷಿಣ ಕನ್ನಡ ಜಿಲ್ಲೆಯ ಕಾಲದಿಂದ ಪಕ್ಕದ ವರ್ಗ ಜಾಗದವರಿಗೆ, ಅಂದ್ರೆ ಪಟ್ಟಾ ಜಾಗ ಇದ್ದವರಿಗೆ, ಅದರಲ್ಲಿ ಸೊಪ್ಪು ಸೌದೆ ತೆಗೆಯುವ, ದನ ಮೇಯಿಸುವ ಸೌಲಭ್ಯ ಇತ್ತು, ಅಷ್ಟೇ. ಅದು ಮಾರುವ ಸೊತ್ತಲ್ಲ. ಅದರಲ್ಲಿ ಗೇರು ಇರ್ಲಿ, ಅಡಿಕೆ ಇರ್ಲಿ, ಅವರ ಅಜ್ಜನೇ ನೆಟ್ಟದ್ದಾಗ್ಲಿ, ನೀವು ಕ್ರಯ ಕೊಡುದು 160 ಸೆಂಟ್ಸಿಗೆ ಮಾತ್ರ. ಮೂರು ಎಕ್ರೆಯ ರೇಟನ್ನು 160 ಸೆಂಟ್ಸಿಗೆ ಭಾಗಿಸಿ ನೋಡಿ, ಕಡಿಮೆಗೆ ಉಂಟು ಅನ್ನುದು ಅಲ್ಲೇ ಮುಗೀತದೆ.

ಕಾಗದದ ವಿಷಯ. ಈಗಿನ ಆಧಾರ ಒಂದೇ ಸಾಲದು, ಅದರ ಹಿಂದಿನ ಮುನ್ನಾಧಾರಗಳು ಬೇಕು, ಕಡಿಮೆ ಅಂದ್ರೂ 30 ವರ್ಷದ್ದು. ಮೂಲ ಎಲ್ಲಿಂದ ಬಂತು ಅಂತ ಹುಡುಕಿ. ಲ್ಯಾಂಡ್ ಟ್ರಿಬ್ಯೂನಲಿನ ಕ್ರಯ ಸರ್ಟಿಫಿಕೇಟಾ, ಪಾಲುಪಟ್ಟಿಯಾ, ಸರಕಾರ ಕೊಟ್ಟ ಪಟ್ಟಯವಾ. ಪಟ್ಟಯ ಆದ್ರೆ ಅದರ ಷರತ್ತು ಓದಿ, ಕೆಲವದರಲ್ಲಿ ಇಂತಿಷ್ಟು ವರ್ಷ ಮಾರಬಾರದು ಅಂತ ಇರ್ತದೆ. ಪಾಲುಪಟ್ಟಿ ಆದ್ರೆ ಮದುವೆಯಾಗಿ ಹೋದ ಹೆಣ್ಮಕ್ಕಳ ಸಹಿ ಉಂಟಾ ನೋಡಿ, ನಮ್ಮಲ್ಲಿ ಹತ್ತರಲ್ಲಿ ಆರು ತಕರಾರು ಅಲ್ಲಿಂದಲೇ ಶುರುವಾಗುದು ಅಂತ ನನ್ನ ಅಂದಾಜು. ಆಮೇಲೆ ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ, ಅದರಲ್ಲಿರುವ ತಂಡಪೇರು ನಂಬ್ರ (ವಿಲ್ಲೇಜ್ ಆಫೀಸಿನ ಖಾತೆ ನಂಬ್ರ) ಮಾರುವವರ ಹೆಸರಲ್ಲೇ ಉಂಟಾ, ವಿಲ್ಲೇಜ್ ಆಫೀಸಿಂದ ಕೈವಶ ಸರ್ಟಿಫಿಕೇಟು ಮತ್ತು ಲೊಕೇಶನ್ ಸ್ಕೆಚ್, ಸಬ್ ರಿಜಿಸ್ಟ್ರಾರ್ ಆಫೀಸಿಂದ ಕುಡಿಕ್ಕಡ, ಅಂದ್ರೆ ಕರ್ನಾಟಕದಲ್ಲಿ ಇಸಿ ಅಂತಾರಲ್ಲ ಅದು. ಸೊಸೈಟಿ ಸಾಲ ಕೆಲವು ಸಲ ಕುಡಿಕ್ಕಡದಲ್ಲಿ ಕಾಣುದಿಲ್ಲ, ಅದಕ್ಕೆ ಊರಿನ ಸರ್ವೀಸ್ ಸಹಕಾರಿ ಬ್ಯಾಂಕಲ್ಲಿ ಬಾಯಲ್ಲೇ ವಿಚಾರಿಸಿ. ಮಾರ್ಗದಿಂದ ಜಾಗಕ್ಕೆ ಹೋಗುವ ದಾರಿ ಆಧಾರದಲ್ಲಿ ಬರೆದಿರ್ಬೇಕು, ಆಚೆಯವರು ಒಳ್ಳೆಯವರು ಬಿಡ್ತಾರೆ ಅನ್ನುದು ದಾರಿ ಅಲ್ಲ.

ಮಲಯಾಳಂ ಬರುದಿಲ್ಲ ಅಂತ ನಾಚಿಕೆ ಎಂತಕ್ಕೆ, ಹಳೇ ದಾಖಲೆಗಳು ಕನ್ನಡದಲ್ಲಿ, ಹೊಸತು ಮಲಯಾಳದಲ್ಲಿ, 1956ರ ನಂತರ ನಮ್ಮ ಕಡೆಯವರ ಪಾಡೇ ಅದು. ಆದ್ರೆ ಆಧಾರ ಬರೆಯುವವರು ಓದಿ ಹೇಳಿದ್ದನ್ನು ಮಾತ್ರ ನಂಬಿ ಸಹಿ ಹಾಕ್ಬೇಡಿ. ಡ್ರಾಫ್ಟ್ ಎರಡು ದಿನ ಮೊದಲೇ ಕೇಳಿ ತೆಗೊಂಡು ನಿಮ್ಮವರೇ ಯಾರಾದ್ರೂ ಮಲಯಾಳಂ ಬರುವವರತ್ರ, ಸಾಧ್ಯ ಇದ್ರೆ ಸಂಬಂಧ ಇಲ್ಲದ ವಕೀಲರತ್ರ, ಒಂದೊಂದು ಸಾಲು ಓದಿಸಿ. ಸರ್ವೆ ನಂಬ್ರ ಮತ್ತು ನಾಲ್ಕು ದಿಕ್ಕಿನ ಗಡಿ ನೀವೇ ಬೆರಳಿಟ್ಟು ನೋಡ್ಬೇಕು. ಡಿಜಿಟಲ್ ಸರ್ವೆ ಆದ ಗ್ರಾಮ ಆದ್ರೆ ಹೊಸ ಅಳತೆಗೂ ಆಧಾರದ ಅಳತೆಗೂ ತಾಳೆ ಆಗ್ತದಾ ಅಂತಲೂ ನೋಡಿ, ನಾಲ್ಕೈದು ಸೆಂಟ್ಸ್ ಆಚೀಚೆ ಬರುದು ಉಂಟು.

ಇಷ್ಟೆಲ್ಲ ಸರಿಯಾದ್ರೂ ಎಪ್ರಿಲ್ ಮೇ ತಿಂಗಳಲ್ಲಿ ಒಂದು ಸಲ ಜಾಗ ನೋಡದೆ ಮುಂದೆ ಹೋಗ್ಬೇಡಿ. ಸೆಪ್ಟೆಂಬರಲ್ಲಿ ನೋಡಿದ್ರೆ ಬಾಯಾರಲ್ಲಿ ಪಾರೆಯ ಮೇಲೂ ನೀರು ಇರ್ತದೆ. ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ಡ್ರಿಪ್ಪಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು, 550 ಮರಕ್ಕೆ 11 ಸಾವಿರ ಲೀಟರ್ ಆಯ್ತು. ಸುರಂಗ (ನೀರಿಗೆ ಅಂತ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು) ಇರುವ ಜಾಗ ಆದ್ರೆ ಅದರ ಬಾಯಲ್ಲಿ ಪೈಪಿನ ಬುಡಕ್ಕೆ 20 ಲೀಟರಿನ ಬಕೆಟ್ ಇಟ್ಟು ವಾಚ್ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದ್ರೆ ಗಂಟೆಗೆ 300 ಲೀಟರ್, ರಾತ್ರಿ ಹಗಲು ಸೇರಿ 7200. ಅಂದ್ರೆ ಆ ಸುರಂಗ 360 ಮರಕ್ಕೆ ಸಾಕು, ಅದೂ ರಾತ್ರಿಯ ನೀರು ಹಿಡಿದಿಡ್ಲಿಕ್ಕೆ ಟ್ಯಾಂಕ್ ಇದ್ರೆ. ಜಾಗದವರು ಬಾರೋ ತಿಂಡಿ ತಿನ್ನುವ ಅಂತ ಒಳಗೆ ಕರೀತಾರೆ, ಮೊದಲು ಬಕೆಟ್ ತುಂಬ್ಲಿ.

ಪ್ರಶ್ನೆ: ಗದ್ದೆ ಜಾಗ ತೋಟದ ಅರ್ಧ ರೇಟಿಗೆ ಸಿಗ್ತದೆ. ತೆಗೊಂಡು ಮಣ್ಣು ಏರಿಸಿ ಅಡಿಕೆ ಹಾಕಿದ್ರೆ ಹೇಗೆ? (ಪುತ್ತಿಗೆ)

ಉತ್ತರ: ಅರ್ಧ ರೇಟಿಗೆ ಸಿಗುದು ಎಂತಕ್ಕೆ ಅಂತ ಒಂದು ಕ್ಷಣ ಯೋಚಿಸಿದ್ರೆ ಪ್ರಶ್ನೆಯೇ ಬರ್ತಿರ್ಲಿಲ್ಲ. 2008ರ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗದ್ದೆಗೆ ಮಣ್ಣು ಹಾಕುದು ಕೇಸು. ತೀರ್ವೆ ರಶೀದಿಯಲ್ಲಿ ನಂಜ ಅಂತಲೋ ನಿಲಂ ಅಂತಲೋ ಇದ್ರೆ ಕೃಷಿ ಭವನದಲ್ಲಿ ಡಾಟಾ ಬ್ಯಾಂಕ್ (ಗದ್ದೆ, ಜೌಗು ಜಾಗಗಳ ಪಟ್ಟಿ) ನೋಡಿ. ಅದರಲ್ಲಿ ತಪ್ಪಾಗಿ ಸೇರಿದ್ದಾದ್ರೆ ಫಾರ್ಮ್ 5 ಹಾಕಿ ತೆಗೆಸ್ಬೇಕು, ಡಾಟಾ ಬ್ಯಾಂಕಲ್ಲಿ ಇಲ್ಲ, ರೆವಿನ್ಯೂ ದಾಖಲೆಯಲ್ಲಿ ಮಾತ್ರ ಗದ್ದೆ ಅಂತ ಉಂಟು ಆದ್ರೆ ಫಾರ್ಮ್ 6, 50 ಸೆಂಟ್ಸಿಗಿಂತ ಹೆಚ್ಚಿದ್ರೆ ಫಾರ್ಮ್ 7. ರೆವಿನ್ಯೂ ಅಧಿಕಾರಿಯ (ಆರ್‌ಡಿಒ ಇಲ್ಲದಿದ್ರೆ ಡೆಪ್ಯುಟಿ ಕಲೆಕ್ಟರ್) ಆರ್ಡರ್ ಬಂದ ಮೇಲೆ ಮಾತ್ರ ಮಾತು, ಮಾಡಿಸಿ ಕೊಡ್ತೇವೆ ಅನ್ನುವವರ ಮಾತಲ್ಲ. ಆ ಕೆಲಸ ಮಾರುವವರು ಮುಗಿಸಿ ಕೊಡ್ಲಿ, ನೀವು ತೆಗೊಂಡು ಅಲೆಯುದು ಬೇಡ.

ನಿಜವಾದ ಗದ್ದೆ ಆದ್ರೆ ಭತ್ತ ಮಾಡುವ ಮನಸ್ಸಿದ್ರೆ ಮಾತ್ರ ತೆಗೀರಿ. ಮಳೆಗಾಲದ ಭತ್ತ, ಆಮೇಲೆ ಬೇಸಿಗೆಯಲ್ಲಿ ಉದ್ದು, ಅಲಸಂಡೆ, ಸೌತೆ. ಕುಚ್ಚಲು ಅಕ್ಕಿ ಮಾಡಿಸಿ ನೇರ ಮನೆಗಳಿಗೆ ಕೊಡುವವರಿಗೆ ಗಿರಾಕಿಗಳ ಕೊರತೆ ಇಲ್ಲ, ಗದ್ದೆ ಮಾಡುವವರದ್ದೇ ಕೊರತೆ.

ಪ್ರಶ್ನೆ: ನಮ್ಮ ಮನೆ ಅಡ್ಯನಡ್ಕದಿಂದ ಈಚೆ, ಅಂದ್ರೆ ಕೇರಳದಲ್ಲಿ. ಗಡಿ ದಾಟಿ ಕರ್ನಾಟಕದಲ್ಲಿ ಜಾಗ ತೆಗಿಬಹುದಾ? ಮೊದಲು ಬಿಡ್ತಿರ್ಲಿಲ್ಲ ಅಲ್ವಾ? (ಪೆರ್ಲ)

ಉತ್ತರ: ಮೊದಲು ಕೃಷಿಕ ಅಂತ ಸಾಬೀತು ಮಾಡ್ಬೇಕಿತ್ತು, ಬೇರೆ ಆದಾಯಕ್ಕೂ ಮಿತಿ ಇತ್ತು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಸೆಕ್ಷನ್ ತೆಗೆದುಹಾಕಿದ್ರು, ಈಗ ಕೃಷಿಕ ಅಲ್ಲದವರೂ ತೆಗಿಬಹುದು. ಕೇರಳದಲ್ಲಿ ಆ ನಿರ್ಬಂಧ ಮೊದಲೂ ಇರ್ಲಿಲ್ಲ. ಆಚೆ ನೋಡ್ಬೇಕಾದ್ದು ಆರ್‌ಟಿಸಿ, ಇಸಿ, ಜಾಗದ ಒಂದು ಭಾಗ ಮಾತ್ರ ತೆಗಿಯುದಾದ್ರೆ 11ಇ ನಕ್ಷೆ. ದರಖಾಸ್ತಿನಲ್ಲಿ, ಅಂದ್ರೆ ಸರಕಾರದಿಂದ ಮಂಜೂರಾಗಿ, ಸಿಕ್ಕಿದ ಜಾಗ ಆದ್ರೆ, ಅದರಲ್ಲೂ ಪರಿಶಿಷ್ಟ ಜಾತಿ ಪಂಗಡದವರಿಗೆ ಮಂಜೂರಾದ್ದು ಆದ್ರೆ, ಸರಕಾರದ ಅನುಮತಿ ಇಲ್ಲದೆ ಮುಟ್ಟಬೇಡಿ. ಕುಮ್ಕಿ ಅಲ್ಲಿಯೂ ಉಂಟು, ಮೇಲೆ ಹೇಳಿದ್ದೇ ಅಲ್ಲಿಗೂ. ಒಂದು ಅನನುಕೂಲ ಉಂಟು, ಎರಡು ರಾಜ್ಯದಲ್ಲಿ ಜಾಗ ಇದ್ರೆ ಸಬ್ಸಿಡಿ, ಬೆಳೆ ವಿಮೆ ಎಲ್ಲಕ್ಕೂ ಎರಡು ಕಡೆ ಓಡಾಟ. ಅಡಿಕೆ ಮಾರ್ಲಿಕ್ಕೆ ಮಾತ್ರ ಆ ರಗಳೆ ಇಲ್ಲ, ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋ 1973ರಲ್ಲಿ ಹುಟ್ಟಿದ್ದೇ ಎರಡೂ ರಾಜ್ಯದ ಬೆಳೆಗಾರರಿಗೆ ಅಂತ.

ಪ್ರಶ್ನೆ: ಎರಡೂವರೆ ಎಕ್ರೆ ಅಪ್ಪನ ಹೆಸರಲ್ಲುಂಟು, ಕೃಷಿ ಪೂರ್ತಿ ನಾನೇ ನೋಡಿಕೊಳ್ಳುದು. ಡ್ರೈಯರ್ ಹಾಕುವ, ತೆಂಗಿನೆಣ್ಣೆ ಮಾಡುವ ಅಂತ ಸಾಲಕ್ಕೆ ಹೋದ್ರೆ ನಿಮ್ಮ ಹೆಸರಲ್ಲಿ ಎಂತದೂ ಇಲ್ಲ ಅಂತಾರೆ. ಅಪ್ಪನತ್ರ ಜಾಗ ಬರೆದುಕೊಡಿ ಅಂತ ಕೇಳ್ಲಿಕ್ಕೆ ಬಾಯಿ ಬರುದಿಲ್ಲ, ತಂಗಿ ಬೇರೆ ಇದ್ದಾಳೆ. (ಕುಂಬಳೆ)

ಉತ್ತರ: ಕೇಳ್ಬೇಕಾಗಿಲ್ಲ. ಸಾಲದಲ್ಲಿ ಅಪ್ಪನನ್ನು ಜೊತೆ ಸಾಲಗಾರ ಮಾಡಿ, ಉದ್ಯಮ ನಿಮ್ಮ ಹೆಸರಲ್ಲಿ ಮಾಡಿ. ಡ್ರೈಯರು, ಗೋಡೌನಿಗೆಲ್ಲ ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿ ತನಕದ ಸಾಲಕ್ಕೆ 3 ಪರ್ಸೆಂಟ್ ಬಡ್ಡಿ ರಿಯಾಯಿತಿ ಉಂಟು. ಎಣ್ಣೆ ಗಾಣಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪಂಚಾಯತ್ ಮಟ್ಟದ ಇಂಟರ್ನ್ ಇರ್ತಾರೆ, ಅವರತ್ರ ಕೂತು ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿ. ಸಣ್ಣ ವ್ಯವಹಾರ ಆದ್ರೆ ಎಫ್‌ಎಸ್‌ಎಸ್‌ಎಐಯ (ಆಹಾರ ಸುರಕ್ಷತೆಯ ಇಲಾಖೆ) ಸಣ್ಣ ರಿಜಿಸ್ಟ್ರೇಷನ್ ಸಾಕು. ಎಣ್ಣೆ ಡಬ್ಬಿಗೆ ಲೇಬಲ್ ಹಾಕುವ ಮೊದಲು ಇದು ಮಾಡಿ, ಹಾಕಿದ ಮೇಲೆ ಅಲ್ಲ.

ಜಾಗದ ಮಾತು ಬೇರೆಯೇ. ಅಪ್ಪ ಇರುವಾಗಲೇ ತಂಗಿಯನ್ನೂ ಕೂರಿಸಿ ಮಾತಾಡಿ. ನಿಮ್ಮ ದುಡ್ಡಲ್ಲಿ ತೋಟಕ್ಕೆ ಹಾಕಿದ ಪೈಪು, ಮೋಟರು, ಸಸಿ ಎಷ್ಟು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಪಾಲಿನ ಹೊತ್ತಿಗೆ ನೆನಪಲ್ಲಿ ಹೇಳಿದ ಲೆಕ್ಕ ಯಾರೂ ಒಪ್ಪುದಿಲ್ಲ. ಕುಟುಂಬದೊಳಗಿನ ಸೆಟಲ್‌ಮೆಂಟಿಗೆ ಮಾರಾಟದ ಆ 8 ಪರ್ಸೆಂಟ್ ಇಲ್ಲ, ತುಂಬ ಕಡಿಮೆ ಖರ್ಚಲ್ಲಿ ಆಗ್ತದೆ. ತಂಗಿಗೆ ದುಡ್ಡು ಕೊಟ್ಟು ಪಾಲು ಬಿಡಿಸಿಕೊಳ್ಳುದಾದ್ರೆ ಈಗಿನ ಮಾರ್ಕೆಟ್ ರೇಟಿಗೆ ಮಾತಾಡಿ, ಹತ್ತು ವರ್ಷ ಹಿಂದಿನ ರೇಟು ಹೇಳ್ಬೇಡಿ.

ಪ್ರಶ್ನೆ: ನಾನು ಮತ್ತು ಹೆಂಡತಿ, ಎರಡು ಮಕ್ಕಳು. ಕೇರಳದಲ್ಲಿ ಒಟ್ಟು ಎಷ್ಟು ಎಕ್ರೆ ತನಕ ಜಾಗ ಮಾಡಬಹುದು? ಅಡಿಕೆ ತೋಟಕ್ಕೆ ಮಿತಿ ಇಲ್ಲ ಅಂತ ಒಬ್ಬರು ಹೇಳಿದ್ರು. (ಮುಳ್ಳೇರಿಯ)

ಉತ್ತರ: ತಪ್ಪು ಹೇಳಿದ್ದಾರೆ. ಮಿತಿಯಿಂದ ಬಿಟ್ಟ ಪ್ಲಾಂಟೇಷನ್ ಪಟ್ಟಿಯಲ್ಲಿ ಚಹಾ, ಕಾಫಿ, ಕೊಕ್ಕೊ, ರಬ್ಬರ್, ಏಲಕ್ಕಿ, ದಾಲ್ಚಿನ್ನಿ ಉಂಟು, ಅಡಿಕೆ ಇಲ್ಲ. ಮದುವೆಯಾಗದ ಒಬ್ಬರಿಗೆ ಹೆಚ್ಚಂದ್ರೆ ಏಳೂವರೆ ಎಕ್ರೆ, ನಿಮ್ಮ ಹಾಗೆ ಐದು ಜನರೊಳಗಿನ ಕುಟುಂಬಕ್ಕೆ ಹೆಚ್ಚಂದ್ರೆ 15 ಎಕ್ರೆ, ದೊಡ್ಡ ಕುಟುಂಬಕ್ಕೂ 20 ದಾಟ್ಲಿಕ್ಕಿಲ್ಲ. ಗಂಡ ಹೆಂಡತಿ ಬೇರೆ ಬೇರೆ ಹೆಸರಲ್ಲಿ ತೆಗೊಂಡ್ರೂ ಒಟ್ಟಿಗೇ ಲೆಕ್ಕ. ನೀವು ಕಾಗದದ ಕೊನೆಗೆ ಬರೆದ ಪ್ರಕಾರ ಈಗ ಇರುದು 45 ಸೆಂಟ್ಸ್, ಅದರ ಪೋಕ್ಕುವರವು (ಖಾತೆ ಬದಲಾವಣೆ) ಕೂಡ ಇನ್ನೂ ಆಗ್ಲಿಲ್ಲ, ತೀರ್ವೆ ಹಳೇ ಯಜಮಾನರ ಹೆಸರಲ್ಲೇ ಹೋಗ್ತಾ ಉಂಟು. 15 ಎಕ್ರೆಯ ವಿಷಯ ಆಮೇಲೆ ಮಾತಾಡುವ, ಸೋಮವಾರ ಆಧಾರ ಹಿಡ್ಕೊಂಡು ವಿಲ್ಲೇಜ್ ಆಫೀಸಿಗೆ ಹೋಗಿ ಬನ್ನಿ.